ಬೀಗರ ಮುಂದೆ ಯಾರೂ ಓದದ ಸಂದೇಶ

ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಇಂಡಿ ಪಟ್ಟಣದ ನಮ್ಮ ಮನೆಗೆ ಬರುತ್ತಾರೆ. ಕಾರ್ಡಿನ ಮೋಸದ ದೂರು ಬಂದರೆ ಮೊದಲು ಏನು ಮಾಡಬೇಕೆಂದು ಕೇಳುತ್ತಾರೆ. ನಿಯಮಗಳು ಅವರ ಕಂಪ್ಯೂಟರಿನಲ್ಲೇ ಇವೆ, ನನಗೆ ಗೊತ್ತಿರುವುದಕ್ಕಿಂತ ಹೊಸವು. ಕೌಂಟರಿನ ಆಚೆ ಒಬ್ಬ ಮನುಷ್ಯ ಅರ್ಧ ಮಾತು ನುಂಗಿಕೊಂಡು ನಿಂತಾಗ ಏನು ಮಾಡಬೇಕೆಂಬುದು ಆ ನಿಯಮಗಳಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಇಷ್ಟು ಬರೆದಿಡುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆ ಇದರಲ್ಲಿ ಇಲ್ಲ.

ನಮ್ಮಪ್ಪ ರೈಲ್ವೆಯಲ್ಲಿ ಗೇಟ್‌ಮನ್. ಗಾಡಿ ಬರುವ ಸೂಚನೆ ಸಿಕ್ಕ ಕೂಡಲೇ ಗೇಟು ಹಾಕುತ್ತಿದ್ದರು. ಎತ್ತಿನ ಚಕ್ಕಡಿಯವರು ಜಗಳಕ್ಕೆ ನಿಲ್ಲುತ್ತಿದ್ದರು.

"ಗಾಡಿ ಇನ್ನೂ ಕಣ್ಣಿಗೆ ಕಾಣವಲ್ದು. ಒಂದು ಚಕ್ಕಡಿ ಬಿಟ್ರ ನಿನ್ನ ಗಂಟೇನ್ ಹೋಗತೈತೋ ಯಪ್ಪಾ?"

"ಮೊದಲ ಗೇಟ, ಆಮ್ಯಾಲ ಮಾತು," ಎನ್ನುತ್ತಿದ್ದರು ಅಪ್ಪ. ಗೇಟು ಹಾಕಿದ ಮೇಲೆ ಅದೇ ಚಕ್ಕಡಿಯವರೊಂದಿಗೆ ಎಲೆ ಅಡಿಕೆ ಹಂಚಿಕೊಂಡು ಮಳೆ ಬೆಳೆಯ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ಊಟ, ಓದು, ನಿದ್ದೆ ಎಲ್ಲವೂ ರೈಲಿನ ವೇಳೆಗೆ ನಡೆಯುತ್ತಿದ್ದವು. ಆ ಶಿಸ್ತು ಇಷ್ಟವಾಗಿತ್ತೋ ಇಲ್ಲವೋ, ಮೈಗಂಟಿತು. ಬ್ಯಾಂಕಿನಲ್ಲಿ ಅದೇ ನನ್ನ ಕೈ ಹಿಡಿಯಿತು.

ಸೇವೆಯ ಕೊನೆಯ ವರ್ಷಗಳಲ್ಲಿ ನಾಲ್ಕು ಊರುಗಳ ಶಾಖೆಗಳಿಗೆ ಬರುವ ಕಾರ್ಡಿನ ದೂರುಗಳನ್ನು ನನಗೆ ವಹಿಸಿದರು. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಬುಧವಾರ ಬಸವನ ಬಾಗೇವಾಡಿ, ಗುರುವಾರ ಮುದ್ದೇಬಿಹಾಳ. ಶುಕ್ರವಾರ ಮತ್ತೆ ಇಂಡಿಯಲ್ಲಿ ಕುಳಿತು ಕಾಗದಪತ್ರ. ಬಸ್ಸು ತಪ್ಪಿದರೆ ಜೀಪು, ಜೀಪು ಸಿಗದಿದ್ದರೆ ಯಾರದಾದರೂ ಸ್ಕೂಟರು. ಆದರೆ ವಾರ ಬದಲಿಸಿದವಳಲ್ಲ. ಗುರುವಾರ ಎಂದರೆ ಮುದ್ದೇಬಿಹಾಳದವರು ನನ್ನನ್ನು ಕಾಯುತ್ತಿದ್ದರು.

ಕಾರ್ಡುಗಳು ಮೊದಲು ಬಂದಾಗ ಜನ ಅವನ್ನು ಬಹಳ ಗೌರವದಿಂದ ಕಂಡರು. ಬಾಗೇವಾಡಿಯ ಒಬ್ಬ ಕಿರಾಣಿ ವ್ಯಾಪಾರಿ, ಅಕ್ಷರ ಅಳಿಸಿಹೋದೀತೆಂದು ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿದ್ದರು. ಮಶಿನ್ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. "ನಿಮ್ಮ ಮಶಿನ್ನಿನ ಬಾಯಿ ಸಣ್ಣದೈತ್ರಿ, ದೊಡ್ಡದು ತರಿಸ್ರಿ" ಎಂದು ನಮಗೇ ಬುದ್ಧಿ ಹೇಳಿದರು. ಲ್ಯಾಮಿನೇಶನ್ ಒಳಗೆ, ಕಾರ್ಡಿನ ಬೆನ್ನ ಮೇಲೆ, ಗುಪ್ತ ಸಂಖ್ಯೆಯನ್ನೂ ಚಂದದ ಅಕ್ಷರದಲ್ಲಿ ಬರೆದಿಟ್ಟಿದ್ದರು. ಅದೂ ಅಳಿಯಬಾರದಲ್ಲ.

ಆಗಿನ ಮೋಸಕ್ಕೆ ಕಾರ್ಡು ಕೈಗೆ ಸಿಗಬೇಕಿತ್ತು. ನಮ್ಮ ಒಬ್ಬ ಲಿಂಬೆ ವ್ಯಾಪಾರಿ ದೂರದ ಮಾರುಕಟ್ಟೆಗೆ ಹೋದಾಗ ಊಟದ ಬಿಲ್ಲಿಗೆಂದು ಕಾರ್ಡನ್ನು ಮಾಣಿಯ ಕೈಗೆ ಕೊಟ್ಟರು. ಮಾಣಿ ಒಳಗೆ ಹೋಗಿ ಬಂದ. ಅಷ್ಟರಲ್ಲಿ ಕಾರ್ಡಿನ ಕಪ್ಪು ಪಟ್ಟಿಯ ನಕಲು ಆಗಿತ್ತು. ಅವರು ಊರಿಗೆ ಮರಳುವ ಮೊದಲೇ ಯಾರೋ ಅದರಲ್ಲಿ ಖರೀದಿ ಮಾಡಿದ್ದರು. ಮುಂದೆ ಚಿಪ್ ಬಂತು, ಅಂಗಡಿಯಲ್ಲೂ ಪಿನ್ ಒತ್ತುವುದು ಬಂತು, ಆ ಕಳ್ಳತನ ಕಡಿಮೆಯಾಯಿತು. ಬಳಿಕ ಮೊಬೈಲಿನಲ್ಲಿ ಖರೀದಿ ಶುರುವಾಯಿತು, ಒಟಿಪಿ ಬಂತು. ಕಳ್ಳರಿಗೆ ಕಾರ್ಡನ್ನು ಮುಟ್ಟುವ ಅಗತ್ಯವೇ ಉಳಿಯಲಿಲ್ಲ. ಮನುಷ್ಯನನ್ನು ಮಾತಾಡಿಸಿದರೆ ಸಾಕಾಯಿತು.

ಸಿಂದಗಿಯ ಒಬ್ಬ ನರ್ಸು ಮೊಬೈಲಿನಲ್ಲಿ ಮಿಕ್ಸರ್ ತರಿಸಿದ್ದರು. ಜಾರಿನ ಮುಚ್ಚಳ ಒಡೆದು ಬಂದಿತ್ತು. ಕಂಪನಿಯ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಮೊದಲು ಕಂಡ ನಂಬರಿಗೆ ಫೋನು ಮಾಡಿದರು. ಅದು ಕಳ್ಳರು ಹಾಕಿಟ್ಟ ನಂಬರು. ಆ ಕಡೆಯವನು ಬಹಳ ವಿನಯದಿಂದ ಅವರಿಂದ ಒಂದು ಆ್ಯಪ್ ಹಾಕಿಸಿದ. ಆಕೆಯ ಮೊಬೈಲಿನ ಪರದೆ ಅವನಿಗೆ ಕಾಣತೊಡಗಿತು. ಮುಚ್ಚಳದ ಹಣ ಹಿಂದಕ್ಕೆ ಕೊಡುತ್ತೇನೆಂದವನು ಕಾರ್ಡನ್ನೇ ಬರಿದು ಮಾಡಿದ. ಆದರೆ ಆಕೆ ಅಳುತ್ತ ಕೂಡಲಿಲ್ಲ. ಆಸ್ಪತ್ರೆಯಿಂದಲೇ ಬ್ಯಾಂಕಿಗೆ ಫೋನು ಮಾಡಿ ಕಾರ್ಡು ಬಂದ್ ಮಾಡಿಸಿದರು, ಸೈಬರ್ ಸಹಾಯವಾಣಿಗೆ ದೂರು ಬರೆಸಿದರು. ಹಣ ಇನ್ನೂ ದಾರಿಯಲ್ಲಿತ್ತು. ಬಹುಪಾಲು ಮರಳಿ ಬಂತು.

"ರಕ್ತ ಸೋರಾಕತ್ತಿದ್ರ ಮೊದಲ ಪಟ್ಟಿ ಕಟ್ತೇವ್ರಿ, ಹೆಂಗ ಬಿದ್ದಿ ಅಂತ ಆಮ್ಯಾಲ ಕೇಳ್ತೇವಿ," ಎಂದರು ಆಕೆ. ನಮ್ಮಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದರು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ಅದರಲ್ಲಿದ್ದವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಬದಲಿಸಿದ್ದೇನೆ.

ಒಂದು ಸೋಮವಾರ ತಾಂಬಾದ ಗುರುಪಾದಪ್ಪ ಮಾಸ್ತರರು ಹೆಂಡತಿ ನೀಲಮ್ಮನವರೊಂದಿಗೆ ಇಂಡಿಯ ಶಾಖೆಗೆ ಬಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಮಾತು ತೂಗಿ ಆಡುವವರು. ಮಗಳು ಭಾಗ್ಯಶ್ರೀಯ ಮದುವೆ ಗೊತ್ತಾಗಿತ್ತು, ಮುದ್ದೇಬಿಹಾಳದ ಕಡೆಯ ಸಂಬಂಧ.

"ಮೇಡಂರಿ, ಈ ಕಾರ್ಡ್ ಬಂದ್ ಮಾಡ್ರಿ," ಎಂದರು.

"ಏನಾಗೇತ್ರಿ ಮಾಸ್ತರ?"

"ಏನಿಲ್ರಿ. ಬ್ಯಾಡಾಗೇತಿ. ಬಂದ್ ಮಾಡಿದ್ರ ಸಾಕು."

ಕಾರ್ಡು ಬೇಡವಾದವರು ಹೆಂಡತಿಯನ್ನು ಕರೆದುಕೊಂಡು, ಶಾಲೆಗೆ ರಜೆ ಹಾಕಿ, ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುವುದಿಲ್ಲ. ನಾನು ಕೇಳುವುದನ್ನು ನಿಲ್ಲಿಸಿ ಮೊದಲು ಕಾರ್ಡು ಬಂದ್ ಮಾಡಿದೆ. ಬಳಿಕ ನೀರು ತರಿಸಿದೆ. ಆಮೇಲೆ ಅವರ ಖಾತೆ ತೆರೆದು ನೋಡಿದೆ. ಒಂದೇ ದಿನ ಒಂದೇ ಅಂಗಡಿಯ ಹೆಸರಿನಲ್ಲಿ ಎರಡು ಸಲ ಹಣ ಹೋಗಿತ್ತು. ಕೆಲವು ದಿನ ಬಿಟ್ಟು ವಿದೇಶದ ಯಾವುದೋ ಜಾಲತಾಣಕ್ಕೆ ಮೂರನೆಯ ಸಲ ಹೋಗಿತ್ತು. ಅಲ್ಲಿಗೆ ಒಟಿಪಿ ಬೇಕಾಗಿರಲಿಲ್ಲ.

"ಇವು ನೀವು ಮಾಡಿದ ಖರೀದಿ ಏನ್ರಿ?"

ಮಾಸ್ತರರು ಕಿಟಕಿಯ ಕಡೆ ನೋಡಿದರು. ನೀಲಮ್ಮ ತಡೆಯಲಾರದೆ ಬಾಯಿ ಬಿಟ್ಟರು.

"ಬಸ್ತಾದ್ದ್ರಿ ಅವು. ಬೀಗರ ಕೈಯಾಗ ಕಾರ್ಡ್ ಕೊಟ್ಟಿದ್ರಲ್ಲ, ಹೇಳ್ರಿ ಮತ್ತ."

"ನೀ ಸುಮ್ಮಿರು," ಎಂದರು ಮಾಸ್ತರರು.

ಹೊರಗಿನ ಓದುಗರಿಗಾಗಿ ಒಂದು ಮಾತು. ಮದುವೆಯ ಬಟ್ಟೆ ಖರೀದಿಗೆ ನಮ್ಮ ಕಡೆ ಬಸ್ತಾ ಎನ್ನುತ್ತಾರೆ. ಎರಡೂ ಕಡೆಯ ಬೀಗರು ಒಟ್ಟಿಗೆ ಚಡಚಣಕ್ಕೋ ಬೇರೆ ಪೇಟೆಗೋ ಹೋಗಿ, ಅಂಗಡಿಯ ಗಾದಿಯ ಮೇಲೆ ಕೂಡುತ್ತಾರೆ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಬಟ್ಟೆ ಕೊಡಿಸುತ್ತಾರೆ. ಎದುರಿಗೆ ಬೆಲೆ ಕೇಳುವುದು ಅಲ್ಪತನ. ಹಣ ಕೊಡುವಾಗ ಪಡೆಯುವವರು ಮುಖ ಆಚೆ ತಿರುಗಿಸುತ್ತಾರೆ. ಕೊಡುವವರೂ ಬಿಲ್ಲನ್ನು ಓದುವುದಿಲ್ಲ, ಮಡಚಿ ಜೇಬಿಗೆ ಹಾಕುತ್ತಾರೆ. ಲೆಕ್ಕವನ್ನು ಮನೆಗೆ ಹೋಗಿ ನೋಡಿಕೊಳ್ಳುತ್ತಾರೆ. ಗಾದಿಯ ಮೇಲೆ ಇದರಿಂದ ಯಾರಿಗೂ ಕೆಡುಕಾಗಿದ್ದನ್ನು ನಾನು ಕಂಡಿಲ್ಲ. ಅಂಗಡಿಕಾರ ಎದುರಿಗೇ ಇರುತ್ತಾನೆ, ನಾಳೆಯೂ ಅಲ್ಲೇ ಇರುತ್ತಾನೆ.

ಈ ಎರಡು ಮನೆಯವರು ಬಸ್ತಾವನ್ನು ಮೊಬೈಲಿನಲ್ಲಿ ಮಾಡಿದ್ದರು. ಗಂಡಿನ ಚಿಕ್ಕಪ್ಪ ಶಿವಪುತ್ರಪ್ಪನವರ ಮೊಬೈಲಿಗೆ ಒಂದು ಲಿಂಕ್ ಬಂದಿತ್ತು. ಚಡಚಣದ ದರದಲ್ಲಿ ಮನೆಯಲ್ಲೇ ಬಸ್ತಾ ಎಂದು ಬರೆದಿತ್ತು. ಗಾದಿಯ ಫೋಟೊ, ಟೊಪ್ಪಿಗೆಯ ಸಾವುಕಾರರ ಫೋಟೊ, ಸೀರೆಗಳ ರಾಶಿ. ಎರಡೂ ಮನೆಯವರು ತಾಂಬಾದ ಮಾಸ್ತರರ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕುಳಿತರು. ಅಂಗಡಿಯವನೆಂಬಾತ ಫೋನಿನಲ್ಲಿ ನಮ್ಮದೇ ಮಾತಾಡುತ್ತಿದ್ದ. "ಅಕ್ಕಾರ, ಸೆರಗು ನೋಡ್ರಿ ಮೊದಲ. ಲಗ್ನದ ಮನಿ, ರೇಟಿಂದು ಆಮ್ಯಾಲ." ಕೊನೆಗೆ ಎರಡು ಬಿಲ್ಲು ಬೇರೆ ಬೇರೆಯಾಗಿ ಕಳಿಸಿದ. "ಒಬ್ಬರ ಬಿಲ್ ಒಬ್ಬರು ನೋಡಬ್ಯಾಡ್ರಿ, ನಮ್ಮ ಗಾದಿ ಪದ್ಧತಿ," ಎಂದ. ಎಲ್ಲರೂ ತಲೆದೂಗಿದರು. ಇಷ್ಟು ರೀತಿ ರಿವಾಜು ಬಲ್ಲವನು ಕಳ್ಳನಿರಲಾರ ಎಂದುಕೊಂಡರು. ನಮ್ಮ ಮರ್ಯಾದೆ ಎಲ್ಲೆಲ್ಲಿ ಕಣ್ಣು ಮುಚ್ಚುತ್ತದೆ ಎಂಬುದನ್ನು ಅವನು ಚೆನ್ನಾಗಿ ತಿಳಿದಿದ್ದ.

ಲಿಂಕ್ ಶಿವಪುತ್ರಪ್ಪನವರ ಬಳಿ ಇದ್ದುದರಿಂದ ಮಾಸ್ತರರು ಕಾರ್ಡನ್ನೂ ಮೊಬೈಲನ್ನೂ ಅವರ ಕೈಗಿತ್ತು ಮುಖ ತಿರುಗಿಸಿ ಕುಳಿತರು. ಸಂದೇಶ ಬಂತು. ಯಾರಿಗೆ ಹಣ ಹೋಗುತ್ತಿದೆ, ಎಷ್ಟು ಹೋಗುತ್ತಿದೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಬೀಗರ ಖರ್ಚು ಓದಬಾರದೆಂದು ಶಿವಪುತ್ರಪ್ಪ ಬರೀ ಒಟಿಪಿಯ ಅಂಕಿ ನೋಡಿ ಒತ್ತಿದರು. ಮಾಸ್ತರರು ಬೀಗರ ಎದುರು ಓದಬಾರದೆಂದು ಓದಲಿಲ್ಲ.

"ಎರಡನೇದು ಹೆಂಗ ಹೋತ್ರಿ?" ಎಂದು ನಾನು ಕೇಳಿದೆ.

"ಸಂಜಿಗೆ ಆ ಅಂಗಡ್ಯಾಂವ ಮತ್ತ ಫೋನ್ ಮಾಡಿದ್ದ. ಪೇಮೆಂಟ್ ಸಿಕ್ಕಾಕೊಂಡೈತಿ, ಇನ್ನೊಂದು ನಂಬರ್ ಬರತೈತಿ ಹೇಳ್ರಿ, ಬೀಗರಿಗೆ ಗೊತ್ತಾಗೂದು ಬ್ಯಾಡ, ನಿಮ್ಮ ಮರ್ಯಾದಿ ಪ್ರಶ್ನೆ ಅಂದ. ಹೇಳಿದೆ."

"ಮೂರನೇದು?"

ನೀಲಮ್ಮ ಸೆರಗಿನ ತುದಿ ಸುತ್ತುತ್ತ ಮೆಲ್ಲಗೆ ಹೇಳಿದರು. "ಕಾರ್ಡಿನ ನಂಬರ್ ನೋಡಿದವರು ಆ ಬೀಗರೊಬ್ಬರ ಅದಾರಲ್ರಿ."

ಅಲ್ಲಿತ್ತು ಗಂಟು. ಮೂರನೆಯ ಸಲ ಹಣ ಹೋದಾಗ ಗಂಡ ಹೆಂಡಿರ ಮನಸ್ಸು ಅಂಗಡಿಯವನನ್ನು ಬಿಟ್ಟು ಬೀಗರ ಮೇಲೆ ಹೋಗಿತ್ತು. ದೂರಿನ ಅರ್ಜಿಯಲ್ಲಿ ಕಾರ್ಡನ್ನು ಯಾರ ಕೈಗೆ ಕೊಟ್ಟಿದ್ದಿರಿ ಎಂಬ ಪ್ರಶ್ನೆ ಇದೆ. ಅಲ್ಲಿ ಶಿವಪುತ್ರಪ್ಪ ಎಂದು ಬರೆದರೆ ಅದು ಪೊಲೀಸರವರೆಗೆ ಹೋಗುತ್ತದೆ, ಮದುವೆ ಮುರಿಯುತ್ತದೆ. ಬರೆಯದಿದ್ದರೆ ಕಳ್ಳನ ಮನೆಗೆ ಮಗಳನ್ನು ಕೊಟ್ಟಂತಾಗುತ್ತದೆ. ಇದೇ ತೂಕದಲ್ಲಿ ಅವರು ದಿನಗಳನ್ನು ಕಳೆದಿದ್ದರು. ಆ ದಿನಗಳಲ್ಲಿ ಕಾರ್ಡು ತೆರೆದೇ ಇತ್ತು.

"ಮಾಸ್ತರ, ನಡೆದದ್ದು ನಡೆದಂಗ ಬರೀರಿ. ಸಂಶಯ ಬರೀಬ್ಯಾಡ್ರಿ, ನಡೆದದ್ದು ಬರೀರಿ," ಎಂದೆ.

"ವಿಚಾರ ಮಾಡಿ ಬರ್ತೇವ್ರಿ," ಎಂದು ಎದ್ದರು. ಅರ್ಜಿಯ ಆ ಜಾಗ ಖಾಲಿಯೇ ಉಳಿಯಿತು.

ಗುರುವಾರ ಮುದ್ದೇಬಿಹಾಳ. ಸರದಿಯಲ್ಲಿ ಪೈಪು, ಮೋಟಾರಿನ ಅಂಗಡಿಯವರೊಬ್ಬರು ನಿಂತಿದ್ದರು. ಗಟ್ಟಿ ಧ್ವನಿಯ, ನಗುಮುಖದ ಮನುಷ್ಯ. ಕಾರ್ಡು ಬಸ್ಸಿನಲ್ಲಿ ಕಳೆದಿದೆ, ಯಾರೋ ಅದನ್ನು ಉಪಯೋಗಿಸಿದ್ದಾರೆ ಎಂದು ಬರೆದುಕೊಂಡು ಬಂದಿದ್ದರು. ಹೆಸರು ಓದಿದೆ. ಶಿವಪುತ್ರಪ್ಪ.

ಮೊದಲು ಕಾರ್ಡು ಬಂದ್ ಮಾಡಿದೆ. ಬಳಿಕ ಖಾತೆ ನೋಡಿದೆ. ಅದೇ ಅಂಗಡಿಯ ಹೆಸರು. ಅದೇ ದಿನ. ಎರಡು ಸಲ.

"ಕಾರ್ಡ್ ಯಾವ ಬಸ್ಸಿನಾಗ ಕಳೀತ್ರಿ?"

"ತಾಳಿಕೋಟಿ ಬಸ್ಸಿನಾಗ ಇರಬೇಕ್ರಿ."

"ಹಂಗಾದ್ರ ನಿಮ್ಮ ಅಂಗಿ ಕಿಸೆದಾಗ ಕಾಣಾಕತ್ತಿದ್ದು ಯಾವುದ್ರಿ?"

ತೆಳುವಾದ ಬಿಳಿ ಅಂಗಿ. ನಮ್ಮ ಬ್ಯಾಂಕಿನ ಬಣ್ಣ ಎದ್ದು ಕಾಣುತ್ತಿತ್ತು. ಅವರು ಕಿಸೆಯ ಮೇಲೆ ಕೈ ಇಟ್ಟುಕೊಂಡರು. ನಗು ಇಳಿಯಿತು. ಖಾಲಿ ಕುರ್ಚಿ ತೋರಿಸಿದೆ. ಕುಳಿತು ಕಾರ್ಡನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟರು.

"ಮೇಡಮ್ಮಾರ, ಲಿಂಕ್ ತಂದಾಂವ ನಾ. ನಮ್ಮಣ್ಣ ಹಳ್ಳಿ ಮನಷಾ, ಅವಂಗ ಇದೆಲ್ಲಾ ತಿಳಿಯಂಗಿಲ್ಲ. ನಾನ ಮುಂದ ನಿಂತು ಮಾಡಿಸಿದೆ. ನಂದು ಹೋದ್ರ ಹೋಗ್ಲಿ, ದುಡೀತೇನಿ. ಆದ್ರ ನಂದು ಹೋಗೇತಿ ಅಂತ ಬೀಗರಿಗೆ ಹೇಳಿದ್ರ, ನಮ್ಮೂ ಹೋಗ್ಯಾವ ಅಂತ ಅವರು ಎದಿ ಒಡಕೋತಾರ. ಮಗಳ ಲಗ್ನದ ರೊಕ್ಕ ಅದು. ಯಾವ ಮಾರಿ ತೊಗೊಂಡು ನಿಲ್ಲಲಿ?"

"ಬಟ್ಟಿ ಬಂದಾವೇನ್ರಿ?"

"ಎಲ್ಲಿ ಬಟ್ಟಿ. ಬರತಾವ ಬರತಾವ ಅಂತ ಅವರಿಗೆ ನಾ ಹೇಳಾಕತ್ತೇನಿ. ಅವರೂ ಅದನ್ನ ನನಗ ಹೇಳಾಕತ್ಯಾರ. ಮೊನ್ನೆ ಮಾಸ್ತರ ಮಾತು ಯಾಕೋ ತಣ್ಣಗಿತ್ತು."

ಆ ತಣ್ಣನೆಯ ಮಾತಿನ ಕಾರಣ ನನಗೆ ಗೊತ್ತಿತ್ತು. ಎರಡು ಕಡೆಯ ಮಾತೂ ನನ್ನ ಮೇಜಿನ ಮೇಲಿತ್ತು. ಮಾಸ್ತರರಿಗೆ ಒಂದು ವಾಕ್ಯ ಹೇಳಿದ್ದರೆ ಈ ಮನುಷ್ಯನ ಮೇಲಿನ ಕಳಂಕ ಅಲ್ಲೇ ತೊಳೆದು ಹೋಗುತ್ತಿತ್ತು. ಆದರೆ ಒಬ್ಬ ಗ್ರಾಹಕನ ಖಾತೆಯ ಮಾತನ್ನು ಇನ್ನೊಬ್ಬನಿಗೆ ಹೇಳುವಂತಿಲ್ಲ. ಒಳ್ಳೆಯದಕ್ಕೆಂದು ಒಂದು ಸಲ ಹೇಳಿದವರು ಎರಡನೆಯ ಸಲ ಸಲಿಗೆಗೆ ಹೇಳುತ್ತಾರೆ, ಮೂರನೆಯ ಸಲ ಹೊತ್ತು ಹೋಗದೆ ಹೇಳುತ್ತಾರೆ. ನಾಲ್ಕು ಊರಿನವರು ಬಾಯಿ ಬಿಟ್ಟು ನನ್ನೆದುರು ಕೂಡುತ್ತಿದ್ದುದು, ಆ ಮಾತು ನನ್ನಲ್ಲೇ ಉಳಿಯುತ್ತದೆಂಬ ನಂಬಿಕೆಯಿಂದ.

"ಕಳೀತು ಅಂತ ಬರದದ್ದು ಹೊಡದ್ಹಾಕ್ರಿ. ಸುಳ್ಳು ಬರದ್ರ ನಿಜವಾದ ದೂರೂ ಬಿದ್ದುಹೋಗತೈತಿ. ಬೀಗರ ಮನಿಗೆ ಹೋಗಿ ಎಲ್ಲಾ ಹೇಳ್ರಿ," ಎಂದೆ.

"ಅದೊಂದು ಬಿಟ್ಟು ಬ್ಯಾರೆ ಏನರ ಹೇಳ್ರಿ," ಎಂದು ಎದ್ದು ಹೋದರು.

ಸಂಜೆ ಮೇಲಿನ ಕಚೇರಿಯ ಸಾಹೇಬರ ಫೋನು ಬಂತು. ಕೆಟ್ಟ ಮನುಷ್ಯರಲ್ಲ. ಅವರ ಮೇಜಿನ ಮೇಲೆ ದೂರುಗಳ ರಾಶಿ ಬಿದ್ದಿತ್ತು.

"ಮೇಡಂ, ಈ ಎರಡೂ ದೂರಿನಾಗ ಒಟಿಪಿ ಅವರ ಕೊಟ್ಟಾರ. ಗ್ರಾಹಕರ ನಿರ್ಲಕ್ಷ್ಯ ಅಂತ ಬರದು ಮುಗಿಸ್ರಿ."

"ಮುಗಿಸ್ತೇನ್ರಿ ಸಾಹೇಬ್ರ. ಆದ್ರ ಅದಕ್ಕೂ ಮೊದಲ ಅವರು ಹೇಳೂದು ಕೇಳಬೇಕಲ್ರಿ. ಇನ್ನೂ ಇಬ್ಬರೂ ಖರೇ ಮಾತು ಬರದಿಲ್ಲ."

"ಬರೀದಿದ್ರ ನೀವೇನ್ ಮಾಡ್ತೀರಿ?"

"ಕಾಯ್ತೇನಿ."

ಆ ಕಡೆ ನಿಟ್ಟುಸಿರು ಕೇಳಿಸಿತು. ಸೋಮವಾರದವರೆಗೆ ಗಡುವು ಕೊಟ್ಟರು.

ಶುಕ್ರವಾರ ಮಧ್ಯಾಹ್ನ ಇಂಡಿಯ ಶಾಖೆಗೆ ಭಾಗ್ಯಶ್ರೀ ಒಬ್ಬಳೇ ಬಂದಳು. ಸಿಂದಗಿಯ ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುವವಳು. ಅಳುವ ಹುಡುಗಿಯಲ್ಲ. ನೇರವಾಗಿ ಕೇಳಿದಳು.

"ಮೇಡಂರಿ, ಲಗ್ನ ಮುಂದಕ್ಕ ಹಾಕೂಣು ಅಂತ ಅಪ್ಪ ಅನ್ನಾಕತ್ಯಾರ. ಕಾರಣ ಹೇಳವಲ್ರು. ಅವ್ವ ಹೇಳಿದ್ಲು. ನನಗ ಒಂದ ತಿಳೀಬೇಕು. ಆ ಕಾಕಾರು ಕಳ್ಳರು ಏನ್ರಿ?"

"ತಂಗಿ, ಖಾತೆ ನಿಮ್ಮಪ್ಪಂದು. ಅದರ ಮಾತು ನಿನಗೂ ಹೇಳಂಗಿಲ್ಲ. ಬ್ಯಾರೆಯವರ ಖಾತೆ ಮಾತಂತೂ ಯಾರಿಗೂ ಹೇಳಂಗಿಲ್ಲ."

"ಹಂಗಾದ್ರ ನಾ ಸುಮ್ನ ಬಂದಂಗಾತು."

"ಕೂಡು. ಎಲ್ಲಾರಿಗೂ ಹೇಳೂ ಮಾತು ಒಂದೈತಿ, ಅದನ್ನ ನಿನಗೂ ಹೇಳ್ತೇನಿ. ಒಂದು ಮನ್ಯಾಗ ಒಂದು ಲಿಂಕಿನಿಂದ ಮೋಸ ಆದ್ರ, ಆ ಲಿಂಕಿನಾಗ ರೊಕ್ಕ ಹಾಕಿದವರಿಗೆಲ್ಲಾ ಅವತ್ತ ತಿಳಿಸಬೇಕು. ಅವರ ಕಾರ್ಡ್ ಇನ್ನೂ ತೆರೆದಿರಬಹುದು. ನಿಮ್ಮ ಸಲುವಾಗಿ ಅಲ್ಲ, ಅವರ ಸಲುವಾಗಿ."

ಈ ಮಾತನ್ನು ನಾನು ಸಿಂದಗಿಯಲ್ಲಿ, ಬಾಗೇವಾಡಿಯಲ್ಲಿ, ಹೊರ್ತಿಯ ಮಹಿಳಾ ಸಂಘದ ಸಭೆಯಲ್ಲಿ ಎಷ್ಟೋ ಸಲ ಹೇಳಿದ್ದೆ. ಯಾವ ನಿಯಮವೂ ಮುರಿಯಲಿಲ್ಲ.

ಹುಡುಗಿಯ ಮುಖದಲ್ಲಿ ಏನೋ ಬದಲಾಯಿತು. ಎರಡೂ ಮನೆಯವರು ಒಂದೇ ಜಮಖಾನೆಯ ಮೇಲೆ ಕುಳಿತು, ಒಂದೇ ಲಿಂಕಿನಲ್ಲಿ, ಒಬ್ಬರ ನಂತರ ಒಬ್ಬರು ಹಣ ಹಾಕಿದ್ದು ನೆನಪಾಗಿರಬೇಕು. ಅದುವರೆಗೆ ಅವಳ ಮನೆಯಲ್ಲಿ ಯಾರು ಕದ್ದರೆಂದು ಎಲ್ಲರೂ ಯೋಚಿಸಿದ್ದರು. ಯಾರ ಕಾರ್ಡು ಇನ್ನೂ ತೆರೆದಿದೆ ಎಂದು ಒಬ್ಬರೂ ಯೋಚಿಸಿರಲಿಲ್ಲ. ಅವಳು ಮೊಬೈಲು ತೆಗೆದು ನನ್ನ ಮೇಜಿನ ಮುಂದೆಯೇ ಫೋನು ಮಾಡಿದಳು.

"ಕಾಕಾರ, ನಾ ಭಾಗ್ಯಶ್ರೀರಿ, ತಾಂಬಾದಾಕಿ."

"ಹಾಂ ಹೇಳವ್ವ, ಆರಾಮ ಅದಿಯಲ್ಲ?" ಆ ಗಟ್ಟಿ ಧ್ವನಿ ನನಗೂ ಕೇಳುತ್ತಿತ್ತು.

"ಕಾಕಾರ, ಆ ಬಸ್ತಾದ ಅಂಗಡಿ ಸುಳ್ಳಂತ್ರಿ. ನಮ್ಮಪ್ಪನ ಕಾರ್ಡಿನಾಗ ರೊಕ್ಕ ಹೋಗ್ಯಾವ. ನೀವೂ ಅದರಾಗ ಹಾಕಿದ್ರಲ್ರಿ. ನಿಮ್ಮ ಕಾರ್ಡ್ ಮೊದಲ ಬಂದ್ ಮಾಡಿಸ್ರಿ, ಲಗೂನ. ನಮ್ಮಂಗ ತಡಾ ಮಾಡಬ್ಯಾಡ್ರಿ."

ಫೋನು ಕಡಿಯಿತೇನೋ ಎಂದು ಅವಳು ಪರದೆ ನೋಡಿದಳು. ಕಡಿದಿರಲಿಲ್ಲ. ಅಂಗಡಿಯಲ್ಲಿ ಯಾರೋ ಪೈಪಿನ ಅಳತೆ ಕೇಳುವುದು ದೂರದಲ್ಲಿ ಕೇಳುತ್ತಿತ್ತು.

"ನಂದೂ ಹೋಗೇತವ್ವ," ಎಂದರು ಶಿವಪುತ್ರಪ್ಪ. ಗಟ್ಟಿ ಧ್ವನಿ ಇರಲಿಲ್ಲ. "ನಾ ತಂದ ಲಿಂಕ್ ಅದು. ನಿಮ್ಮಪ್ಪಗ ಹೆಂಗ ಹೇಳಲಿ ಅಂತ ತಿಳೀಲಾರದ ಸುಮ್ಮಿದ್ದೆ."

"ಅಪ್ಪನೂ ಹಂಗ ಸುಮ್ಮಿದ್ರ್ರಿ."

ತಂದೆ ಏನೆಂದುಕೊಂಡು ಸುಮ್ಮನಿದ್ದರೆಂಬುದನ್ನು ಅವಳು ಹೇಳಲಿಲ್ಲ. ಅವತ್ತಿನ ಮಟ್ಟಿಗೆ ಅದು ಬೇಕಾಗಿಯೂ ಇರಲಿಲ್ಲ.

ಸೋಮವಾರ ಬೀಗರಿಬ್ಬರೂ ಇಂಡಿಯ ಶಾಖೆಗೆ ಒಟ್ಟಿಗೆ ಬಂದರು. ಖಾಲಿ ಬಿಟ್ಟಿದ್ದ ಜಾಗವನ್ನು ಮಾಸ್ತರರು ತುಂಬಿದರು. ಶಿವಪುತ್ರಪ್ಪ ತಮ್ಮ ಹಳೆಯ ಅರ್ಜಿಯನ್ನು ಹಿಂದಕ್ಕೆ ಪಡೆದು ಹೊಸದು ಬರೆದರು. ಬರೆಯುತ್ತ ಬರೆಯುತ್ತ ತಲೆ ಎತ್ತಿ ಕೇಳಿದರು.

"ಮಾಸ್ತರ, ಖರೇ ಹೇಳ್ರಿ. ನನ್ನ ಮ್ಯಾಲ ಸಂಶಯ ಬಂದಿತ್ತಿಲ್ಲೋ?"

ಮಾಸ್ತರರು ಪೆನ್ನಿನ ಮುಚ್ಚಳ ಹಾಕಿದರು. "ಬಂದಿತ್ರಿ ಬೀಗರ."

"ಬರೂದ. ಕಾರ್ಡ್ ನನ್ನ ಕೈಯಾಗ ಕೊಟ್ಟು ನೀವು ಗ್ವಾಡಿ ನೋಡಕೋತ ಕುಂತಿದ್ರಿ. ಮೊನ್ನೆ ಭಾಗ್ಯಶ್ರೀ ಫೋನ್ ಮಾಡಿದ ಮ್ಯಾಲ ನನಗೂ ನಿಮ್ಮ ಮ್ಯಾಲ ಸಿಟ್ಟು ಬಂದಿತ್ತು. ಬಟ್ಟಿ ಬರಲಾರದ್ದು ಗೊತ್ತಿದ್ದೂ ಬರತಾವ ಅಂತಿದ್ರಲ್ಲ ಇವರು ಅಂತ."

ಇಬ್ಬರೂ ನಗಲಿಲ್ಲ. ಆದರೆ ಹೊರಡುವಾಗ ಮಾಸ್ತರರ ಚೀಲವನ್ನು ಶಿವಪುತ್ರಪ್ಪ ಎತ್ತಿಕೊಂಡರು.

ಎರಡು ದೂರುಗಳೂ ಒಂದೇ ಮಾತು ಹೇಳಿದ್ದರಿಂದ ಸಾಹೇಬರು ಅವನ್ನು ಜೋಡಿಸಿ ಮುಂದಕ್ಕೆ ಕಳಿಸಿದರು. ಹೊಸಬರು ಫಲವನ್ನು ಸರಿಯಾಗಿ ತಿಳಿಯಲಿ ಎಂದು ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಮಾಸ್ತರರ ಕಾರ್ಡಿನಿಂದ ಒಟಿಪಿ ಇಲ್ಲದೆ ವಿದೇಶಕ್ಕೆ ಹೋದ ಹಣ ಮರಳಿ ಬಂತು. ಕಾರ್ಡಿನ ನಂಬರು ಆ ಕಳ್ಳ ಅಂಗಡಿಯಲ್ಲೇ ಉಳಿದಿತ್ತು, ಅಲ್ಲಿಂದಲೇ ಅದನ್ನು ಬಳಸಿದ್ದರು. ಎರಡನೆಯ ಸಲ ಹೋದ ಹಣದಲ್ಲಿ ಪೊಲೀಸರು ತಡೆಹಿಡಿದ ಸ್ವಲ್ಪ ಭಾಗ ಸಿಕ್ಕಿತು. ಮೊದಲ ಸಲ ಹೋದದ್ದು ಎರಡೂ ಮನೆಗೆ ಮರಳಲಿಲ್ಲ. ಒಟಿಪಿ ಕೊಟ್ಟವರು ತಾವೇ, ಹೇಳಲು ತಡಮಾಡಿದವರೂ ತಾವೇ. ಆ ಹೊತ್ತಿಗೆ ಹಣ ಹತ್ತು ಖಾತೆ ಹಾರಿ ಕರಗಿತ್ತು. ಅಂಗಡಿಯವನಂತೆ ಮಾತಾಡಿದವನು ಯಾರೆಂಬುದು ನಾನು ನಿವೃತ್ತಳಾಗುವವರೆಗೂ ತಿಳಿಯಲಿಲ್ಲ.

ಮೊಬೈಲಿನಲ್ಲಿ ಖರೀದಿ ಬೇಡವೆಂದು ನಾನು ಯಾರಿಗೂ ಹೇಳಿಲ್ಲ. ನಾನೂ ಮಾಡುತ್ತೇನೆ. ಕಳಿಸಿದ ಲಿಂಕನ್ನು ಒತ್ತುವುದಿಲ್ಲ, ಅಂಗಡಿಯ ಹೆಸರನ್ನು ನಾನೇ ಬರೆದು ತೆರೆಯುತ್ತೇನೆ, ವಿಳಾಸದ ಒಂದೊಂದು ಅಕ್ಷರ ನೋಡುತ್ತೇನೆ. ಹೊಸ ಅಂಗಡಿಯಾದರೆ ವಸ್ತು ಕೈಗೆ ಬಂದ ಮೇಲೆ ಹಣ ಕೊಡುತ್ತೇನೆ. ಕಾರ್ಡಿನ ವಿವರವನ್ನು ಯಾವ ಅಂಗಡಿಯಲ್ಲೂ ಉಳಿಸುವುದಿಲ್ಲ. ವಿದೇಶದ ಖರೀದಿಯನ್ನು ಬ್ಯಾಂಕಿನ ಆ್ಯಪಿನಲ್ಲಿ ಬಂದ್ ಮಾಡಿಟ್ಟಿದ್ದೇನೆ, ಖರ್ಚಿಗೆ ಮಿತಿ ಹಾಕಿದ್ದೇನೆ. ಫೋನಿನಲ್ಲಿ ಒಟಿಪಿ ಕೇಳುವವನು ಯಾರೇ ಇರಲಿ, ಮಾತು ಮುಂದುವರಿಸುವುದಿಲ್ಲ. ಒಟಿಪಿಯ ಸಂದೇಶವನ್ನು ಪೂರ್ತಿ ಓದುತ್ತೇನೆ. ಅಂಕಿಯ ಹಿಂದೆ ಮುಂದೆ ಬರೆದದ್ದೇ ಮುಖ್ಯ.

ಕೌಂಟರಿನಲ್ಲಿ ಕೂಡುವವರಿಗೆ ಇನ್ನೊಂದು ಮಾತು. ಮೋಸ ಹೋದವರು ಎದುರಿಗೆ ಬಂದಾಗ, ಇಷ್ಟು ಓದಿದವರು ಹೀಗೆ ಮಾಡಿದಿರಾ ಎಂದು ಕೇಳಬೇಡಿ. ಆ ಪ್ರಶ್ನೆಗೆ ಹೆದರಿಯೇ ಅವರು ಇಷ್ಟು ದಿನ ಬಂದಿರುವುದಿಲ್ಲ. ಕಾರ್ಡು ಬಂದ್ ಮಾಡಿ. ಕುರ್ಚಿ ತೋರಿಸಿ. ಉಳಿದದ್ದು ತಾನಾಗಿ ಬರುತ್ತದೆ. ಯಾರ ಮರ್ಯಾದೆ ಕಾಯಲು ಅವರು ಸುಮ್ಮನಿದ್ದಾರೆ ಎಂಬುದನ್ನು ಹುಡುಕಿ. ನಮ್ಮ ಊರುಗಳಲ್ಲಿ ಬಹಳ ಸಲ ಬೀಗ ಬಿದ್ದಿರುವುದು ಅಲ್ಲೇ.

ಮದುವೆಯನ್ನು ಮುಂದಕ್ಕೆ ಹಾಕಲಿಲ್ಲ, ಗೊತ್ತಾದ ಮುಹೂರ್ತಕ್ಕೇ ಉಳಿಸಿಕೊಂಡರು. ಬಸ್ತಾವನ್ನು ಹೊಸದಾಗಿ ಮಾಡಬೇಕಾಯಿತು. ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ಹಣ್ಣು ಕಾಯಿ ಹಿಡಿದು ಬಂದು ನೀಲಮ್ಮನವರೇ ಕರೆದರು. ಗ್ರಾಹಕರ ಕರೆಗೆ ಹೋಗುವ ಅಭ್ಯಾಸ ಇರಲಿಲ್ಲ, ಆದರೆ ಈಗ ಅವರು ಗ್ರಾಹಕರಲ್ಲ, ನಾನು ಅಧಿಕಾರಿಯಲ್ಲ. ಚಡಚಣಕ್ಕೆ ಹೋದೆ.

ಹಳೆಯ ಅಂಗಡಿ. ಬಿಳಿ ಗಾದಿ, ಒರಗಲು ಲೋಡು, ಚಹಾ. ಒಂದು ಬದಿಗೆ ತಾಂಬಾದವರು, ಇನ್ನೊಂದು ಬದಿಗೆ ಮುದ್ದೇಬಿಹಾಳದವರು. ಈ ಸಲ ಸೀರೆಗಳು ಮೊದಲು ಅಂದುಕೊಂಡದ್ದರ ಅರ್ಧ. ದೂರದ ನೆಂಟರಿಗೆ ಉಡುಗೊರೆಯಾಗಿ ಕೊಡುವ ಆಯೇರಿಯ ಬಟ್ಟೆ ಬಿಟ್ಟಿದ್ದರು. ಅದನ್ನು ಬಿಡೋಣವೆಂದು ಮೊದಲು ಹೇಳಿದವರು ಗಂಡಿನ ಕಡೆಯವರಂತೆ.

ಸಾವುಕಾರರು ಮೊದಲ ಸೀರೆಯ ಮಡಿಕೆ ಬಿಚ್ಚಿ ಹೇಳಿದರು. "ಸೆರಗು ನೋಡ್ರಿ ಅಕ್ಕಾರ. ರೇಟಿಂದು ಆಮ್ಯಾಲ."

ಭಾಗ್ಯಶ್ರೀ ತಂದೆಯ ಮುಖ ನೋಡಿದಳು.

"ಇಲ್ರಿ ಸಾವುಕಾರ್ರ, ರೇಟ್ ಮೊದಲ ಹೇಳ್ರಿ," ಎಂದರು ಮಾಸ್ತರರು. "ಬೀಗರ ಮುಂದನ ಹೇಳ್ರಿ."

ಗಾದಿಯ ಮೇಲಿದ್ದ ಹಿರಿಯ ಹೆಂಗಸರಲ್ಲಿ ಒಬ್ಬಿಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಸಾವುಕಾರರು ಕೆಮ್ಮಿ ದರ ಹೇಳಿದರು. ಹಾಗೆಯೇ ಸೀರೆಯ ಮೇಲೆ ಸೀರೆ ನಡೆಯಿತು. ಕೊನೆಗೆ ಅಂಗಡಿಯವರು ಕಾರ್ಡಿನ ಮಶಿನ್ ತಂದು ಮಾಸ್ತರರ ಮುಂದೆ ಇಟ್ಟರು. ಅವರು ಹೊಸ ಕಾರ್ಡು ತೆಗೆದರು. ಶಿವಪುತ್ರಪ್ಪ ಎದುರು ಸಾಲಿನಿಂದ ಮುಂದೆ ಬಾಗಿದರು.

"ಓದ್ರಿ ಮಾಸ್ತರ. ಹುಡುಗರಿಗೆ ಓದಿ ಹೇಳಿದಂಗ, ಹಿಂದಿನ ಸಾಲಿಗೂ ಕೇಳಂಗ ಓದ್ರಿ."

ಮಾಸ್ತರರು ಕನ್ನಡಕ ಹಾಕಿಕೊಂಡರು. ಮಶಿನ್ನನ್ನು ಬೆಳಕಿಗೆ ಹಿಡಿದು ಅಂಗಡಿಯ ಹೆಸರು ಓದಿದರು. ಬಳಿಕ ಮೊತ್ತ ಓದಿದರು. ಗಾದಿಯ ಮೇಲೆ ಯಾರೂ ಮುಖ ತಿರುಗಿಸಲಿಲ್ಲ.